ಮೈಲ್ಸ್ ಡೇವಿಸ್ ಜಾಡಿನಲ್ಲಿ: ಆಲ್ಟನ್, 52ನೇ ಬೀದಿ, ವುಡ್‌ಲಾನ್

ಮೊದಲ ದಿನ: ನದಿಯ ಆಚೆ ದಡ

ಲ್ಯಾಂಬರ್ಟ್ ವಿಮಾನ ನಿಲ್ದಾಣದಲ್ಲಿ ಇಳಿದವರು ಸೇಂಟ್ ಲೂಯಿಸ್ ಊರೊಳಗೆ ಹೋಗುವ ಮುಂಚೆ ಉತ್ತರಕ್ಕೆ ತಿರುಗಿಕೊಳ್ಳುವುದು ಒಳ್ಳೆಯದು. ಈ ಒಂದು ದಿನಕ್ಕೆ ಬಾಡಿಗೆ ಕಾರು ಬೇಕು. ಊರೊಳಗಿನ ಉಳಿದ ಓಡಾಟವೆಲ್ಲ ರೈಲು ಮತ್ತು ಕಾಲ್ನಡಿಗೆ. ಯು.ಎಸ್. 67 ಹೆದ್ದಾರಿ ಹಿಡಿದರೆ ಹಳದಿ ಕೇಬಲ್‌ಗಳ ಕ್ಲಾರ್ಕ್ ಸೇತುವೆ ಸಿಗುತ್ತದೆ. ಕೆಳಗೆ ಮಿಸಿಸಿಪ್ಪಿ, ಆಚೆ ದಡದಲ್ಲಿ ಇಲಿನಾಯ್ ರಾಜ್ಯದ ಆಲ್ಟನ್. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಹುಟ್ಟಿದ್ದು ಇಲ್ಲಿ, 1926ರ ಮೇ 26ರಂದು.

ಪೇಟೆಯ ವೆಸ್ಟ್ ಥರ್ಡ್ ಬೀದಿಯಲ್ಲಿ ಅವನ ಕಂಚಿನ ಪ್ರತಿಮೆಯಿದೆ, 2015ರಲ್ಲಿ ನಿಲ್ಲಿಸಿದ್ದು. ಆಲ್ಟನ್‌ಗೆ ಅರ್ಧ ಗಂಟೆ ಸಾಕು. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೇ ಮನೆಯವರು ಊರು ಬಿಟ್ಟಿದ್ದರು, ಹಾಗಾಗಿ ಇಲ್ಲಿ ನೋಡಲು ಹುಟ್ಟಿದ ಊರೆಂಬ ಹೆಮ್ಮೆಯ ಹೊರತು ಹೆಚ್ಚಿನದೇನಿಲ್ಲ. ಸಮಯ ಉಳಿದರೆ ದಾಖಲೆಯಲ್ಲಿರುವ ಅತಿ ಎತ್ತರದ ಮನುಷ್ಯ ರಾಬರ್ಟ್ ವಾಡ್ಲೊನ ಆಳೆತ್ತರದ ಪ್ರತಿಮೆಯೂ ಇದೇ ಊರಲ್ಲಿದೆ: 272 ಸೆಂಟಿಮೀಟರ್. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳದೆ ಯಾರೂ ಹೊರಡುವುದಿಲ್ಲ.

ನದಿಯ ಅದೇ ದಡದಲ್ಲಿ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ಇಳಿದರೆ ಈಸ್ಟ್ ಸೇಂಟ್ ಲೂಯಿಸ್. ಮೈಲ್ಸ್‌ನ ಅಪ್ಪ ದಂತವೈದ್ಯ, ಅಮ್ಮನಿಗೆ ಸಂಗೀತ ಗೊತ್ತಿತ್ತು. 1917ರ ಜುಲೈನಲ್ಲಿ ಬಿಳಿಯರ ಗುಂಪುಗಳು ಇದೇ ಊರಿನ ಕಪ್ಪು ಜನರ ಕೇರಿಗಳಿಗೆ ಬೆಂಕಿಯಿಟ್ಟು ಕೊಂದಿದ್ದವು. ಅಧಿಕೃತ ಲೆಕ್ಕದಲ್ಲೇ 39 ಕಪ್ಪು ಜನ ಸತ್ತಿದ್ದರು. ಅದಾಗಿ ಹತ್ತು ವರ್ಷಕ್ಕೆ ಡಾಕ್ಟರ್ ಡೇವಿಸ್ ಇಲ್ಲಿಗೆ ಬಂದು ನೆಲೆ ನಿಂತರು. ಬಡತನದಿಂದ ಎದ್ದು ಬಂದ ಕಪ್ಪು ಕಲಾವಿದ ಎಂಬ ಸಿದ್ಧಕಥೆ ಮೈಲ್ಸ್‌ಗೆ ಹೊಂದುವುದಿಲ್ಲ. ಅವನ ಮನೆಯಲ್ಲಿ ಹಣವಿತ್ತು, ಹೊರಗೆ ಅವಮಾನವಿತ್ತು. ಅವನ ಸಿಡುಕಿಗೂ ಠೀವಿಗೂ ಮೂಲ ಈ ಎರಡರ ನಡುವೆ ಇದೆ ಎಂದೇ ನಮ್ಮ ತಿಳಿವಳಿಕೆ.

1701 ಕನ್ಸಾಸ್ ಅವೆನ್ಯೂದಲ್ಲಿ ಅವನು ಬೆಳೆದ ಮನೆಯನ್ನು ಸ್ಥಳೀಯರು ರಿಪೇರಿ ಮಾಡಿ ಹೌಸ್ ಆಫ್ ಮೈಲ್ಸ್ ಎಂಬ ಪುಟ್ಟ ಸಂಗ್ರಹಾಲಯ ಮಾಡಿದ್ದಾರೆ. ಬಾಗಿಲು ತಾನಾಗಿ ತೆರೆದಿರುತ್ತದೆಂದು ನಂಬಿ ಹೋಗಬೇಡಿ, ಮುಂಚೆಯೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಊಟವನ್ನೂ ಮುಗಿಸಿಯೇ ಹೋಗಿ. 1950ರಲ್ಲಿ 82 ಸಾವಿರ ಜನರಿದ್ದ ಊರಿನಲ್ಲಿ 2020ರ ಗಣತಿಯ ಹೊತ್ತಿಗೆ ಉಳಿದವರು 18 ಸಾವಿರ ಚಿಲ್ಲರೆ. ಬೀದಿಗಟ್ಟಲೆ ಖಾಲಿ ನಿವೇಶನಗಳು.

ಲಿಂಕನ್ ಹೈಸ್ಕೂಲಿನ ಬ್ಯಾಂಡ್ ಮಾಸ್ತರ ಎಲ್ವುಡ್ ಬುಕ್ಯಾನನ್ ಹುಡುಗನಿಗೆ ಹಾಕಿಕೊಟ್ಟ ಪಾಠ ಒಂದೇ: ಸ್ವರವನ್ನು ನಡುಗಿಸಬೇಡ. ಆ ಕಾಲದ ಟ್ರಂಪೆಟ್‌ನವರು ಉದ್ದ ಸ್ವರದ ಕೊನೆಗೆ ವೈಬ್ರಾಟೊ ಸೇರಿಸಿ ಅಲುಗಾಡಿಸುತ್ತಿದ್ದರು. ನೇರ ಸ್ವರಕ್ಕೆ ಅಂಥ ಮರೆ ಇಲ್ಲ. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕೇಳಿಸುತ್ತದೆ, ಉಸಿರು ಸಣ್ಣಗಾದರೂ ಕೇಳಿಸುತ್ತದೆ. ಮೌತ್‌ಪೀಸ್ ಕೂಡ ಸೇಂಟ್ ಲೂಯಿಸ್ ಕಡೆಯದೇ, ಹೈಮ್ ಮಾದರಿ. ಬಟ್ಟಲು ಆಳ, ಅಂಚು ತೆಳು. ಆಳವಾದ ಬಟ್ಟಲು ನಾದವನ್ನು ಗಾಢ ಮಾಡುತ್ತದೆ, ಅದಕ್ಕೆ ಬದಲಾಗಿ ತಾರಸ್ಥಾಯಿಯನ್ನು ಕಷ್ಟ ಮಾಡುತ್ತದೆ. ತೆಳು ಅಂಚು ತುಟಿಯನ್ನು ಬೇಗ ದಣಿಸುತ್ತದೆ. ಮೈಲ್ಸ್ ಹೆಚ್ಚಾಗಿ ಮಧ್ಯಸ್ಥಾಯಿಯಲ್ಲೇ ಯಾಕೆ ಉಳಿದ ಎನ್ನುವುದಕ್ಕೆ ಅರ್ಧ ಉತ್ತರ ಇಲ್ಲಿದೆ. ಮುಂದಿನ ನಲವತ್ತೈದು ವರ್ಷ ಅವನ ಸುತ್ತ ಎಲ್ಲವೂ ಬದಲಾಯಿತು, ಈ ನಾದ ಬದಲಾಗಲಿಲ್ಲ. ಇದೊಂದನ್ನು ಕಿವಿಯಲ್ಲಿಟ್ಟುಕೊಂಡರೆ ಮುಂದಿನ ದಿನಗಳಲ್ಲಿ ದಾರಿ ತಪ್ಪುವುದಿಲ್ಲ.

ಎರಡನೆಯ ದಿನ: ಸೇಂಟ್ ಲೂಯಿಸ್

ಕಾರು ವಾಪಸ್ ಕೊಟ್ಟು ಮೆಟ್ರೊಲಿಂಕ್ ರೈಲು ಹತ್ತಿ. ಈಸ್ಟ್ ಸೇಂಟ್ ಲೂಯಿಸ್‌ಗೂ ಸೇಂಟ್ ಲೂಯಿಸ್‌ಗೂ ನಡುವೆ ಅದು 1874ರ ಈಡ್ಸ್ ಸೇತುವೆಯ ಕೆಳ ಅಂತಸ್ತಿನಲ್ಲಿ ನದಿ ದಾಟುತ್ತದೆ. ಡೆಲ್ಮಾರ್ ಲೂಪ್ ನಿಲ್ದಾಣದಲ್ಲಿ ಇಳಿದರೆ ಕಾಲುದಾರಿಯಲ್ಲೇ ಊರಿನ ಹೆಸರಾಂತರ ಹಿತ್ತಾಳೆ ನಕ್ಷತ್ರಗಳು, ಮೈಲ್ಸ್‌ನದೂ ಇದೆ.

ಇದೇ ಊರಿನಲ್ಲಿ 1944ರ ಬೇಸಿಗೆಯಲ್ಲಿ ಗಾಯಕ ಬಿಲ್ಲಿ ಎಕ್‌ಸ್ಟೈನ್‌ನ ಬ್ಯಾಂಡ್ ಬಂದಿಳಿಯಿತು. ಟ್ರಂಪೆಟ್‌ನ ಡಿಜಿ ಗಿಲೆಸ್ಪಿ, ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್ ಇಬ್ಬರೂ ಅದರಲ್ಲಿದ್ದರು. ಒಬ್ಬ ಟ್ರಂಪೆಟ್‌ನವ ಕಾಯಿಲೆ ಬಿದ್ದ. ಆಗಷ್ಟೇ ಹೈಸ್ಕೂಲು ಮುಗಿಸಿದ್ದ ಹದಿನೆಂಟರ ಹುಡುಗನಿಗೆ ಆ ಕುರ್ಚಿ ಸಿಕ್ಕಿತು. ಎರಡು ವಾರ. ಅಷ್ಟರಲ್ಲಿ ಅವನು ನ್ಯೂಯಾರ್ಕ್‌ಗೆ ಹೋಗುವುದು ಗಟ್ಟಿಯಾಗಿತ್ತು. ರಾತ್ರಿ ಗ್ರ್ಯಾಂಡ್ ಸೆಂಟರ್ ಬಡಾವಣೆಯ ಜಾಝ್ ಸೇಂಟ್ ಲೂಯಿಸ್ ಸಭಾಂಗಣದಲ್ಲಿ ಯಾರು ನುಡಿಸುತ್ತಿದ್ದರೂ ಕೇಳಿ ಮಲಗಿ. ಮರುದಿನದ ಮೊದಲ ವಿಮಾನ ಹಿಡಿಯಬೇಕು.

ಮೂರನೆಯ ದಿನ: ಕಾಲೇಜಿನಿಂದ ಕ್ಲಬ್ಬಿಗೆ ಎಷ್ಟು ದೂರ

ನ್ಯೂಯಾರ್ಕ್ ಸಬ್‌ವೇಗೆ ಈಗ ಪ್ರತ್ಯೇಕ ಕಾರ್ಡು ಬೇಡ; ಬ್ಯಾಂಕ್ ಕಾರ್ಡನ್ನೋ ಫೋನನ್ನೋ ಗೇಟಿಗೆ ಮುಟ್ಟಿಸಿದರೆ ಸುಮಾರು 3 ಡಾಲರ್ ಕಡಿತ. ವಾರಕ್ಕೆ ಮಿತಿ ಇರುವುದರಿಂದ ಪ್ರತಿ ಸಲವೂ ಅದೇ ಕಾರ್ಡನ್ನೇ ಮುಟ್ಟಿಸಿ. ಒಮ್ಮೆ ಫೋನು, ಒಮ್ಮೆ ಪ್ಲಾಸ್ಟಿಕ್ ಕಾರ್ಡು ಅಂತ ಬದಲಿಸಿದರೆ ವ್ಯವಸ್ಥೆ ನಿಮ್ಮನ್ನು ಇಬ್ಬರೆಂದು ಲೆಕ್ಕ ಹಾಕುತ್ತದೆ, ಮಿತಿಯ ಲಾಭ ಸಿಗುವುದಿಲ್ಲ.

1 ನಂಬರ್ ರೈಲಿನಲ್ಲಿ 125ನೇ ಬೀದಿಗೆ. ನೆಲದಡಿಯ ರೈಲು ಇಲ್ಲಿ ಕಬ್ಬಿಣದ ಸೇತುವೆಯ ಮೇಲೆ ಬಂದು ನಿಲ್ಲುತ್ತದೆ. ಸ್ವಲ್ಪ ದಕ್ಷಿಣಕ್ಕೆ ನಡೆದರೆ ಕ್ಲೇರ್ಮಂಟ್ ಅವೆನ್ಯೂ. 1944ರಲ್ಲಿ ಮೈಲ್ಸ್ ಸೇರಿದ ಜೂಲಿಯಾರ್ಡ್ ಸಂಗೀತ ಶಾಲೆ ಇದ್ದದ್ದು ಇಲ್ಲಿ. 1969ರಲ್ಲಿ ಅದು ಲಿಂಕನ್ ಸೆಂಟರ್‌ಗೆ ಹೋದ ಮೇಲೆ ಕಟ್ಟಡ ಮ್ಯಾನ್‌ಹಟನ್ ಸ್ಕೂಲ್ ಆಫ್ ಮ್ಯೂಸಿಕ್‌ಗೆ ಬಂತು. ಇಲ್ಲಿಂದ ಪೂರ್ವಕ್ಕೆ ಮಾರ್ನಿಂಗ್‌ಸೈಡ್ ಪಾರ್ಕಿನ ಕಡಿದಾದ ಮೆಟ್ಟಿಲು ಇಳಿದು ಹಾರ್ಲೆಂ ಸೇರಿದರೆ 210 ವೆಸ್ಟ್ 118ನೇ ಬೀದಿ: ಮಿಂಟನ್ಸ್ ಪ್ಲೇಹೌಸ್. ಬಿಬಾಪ್ ಎಂಬ ವೇಗದ ಜಾಝ್ ಶೈಲಿ ಹದಗೊಂಡ ಜಾಗ. ನಿಧಾನವಾಗಿ ನಡೆದರೂ ಅರ್ಧ ಗಂಟೆ ಸಾಕು. ಹಗಲು ಮೇಲಿನ ಗುಡ್ಡದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪಾಠ, ರಾತ್ರಿ ಕೆಳಗಿನ ಬಯಲಿನಲ್ಲಿ ಅಸಲಿ ಪಾಠ. ಮೆಟ್ಟಿಲುಗಳನ್ನು ಇಳಿಯುವಾಗಲೇ ಅವನು 1945ರಲ್ಲಿ ಕಾಲೇಜು ಯಾಕೆ ಬಿಟ್ಟ ಎಂಬುದು ಅರ್ಥವಾಗುತ್ತದೆ. ಮಿಂಟನ್ಸ್ ಮುಚ್ಚುತ್ತ ತೆರೆಯುತ್ತ ಇರುವ ಜಾಗವಾದ್ದರಿಂದ ಒಳಗೆ ಕೂರುವ ಆಸೆಯಿದ್ದರೆ ಅಂದಿನ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ.

ನಾಲ್ಕನೆಯ ದಿನ: 52ನೇ ಬೀದಿ, ಪಶ್ಚಿಮದಿಂದ ಪೂರ್ವಕ್ಕೆ

ಈ ಪ್ರವಾಸದಲ್ಲಿ ಒಂದೇ ದಿನಕ್ಕೆ ಬಿಡುವಿದ್ದರೆ ಅದನ್ನು ಈ ಬೀದಿಗೆ ಕೊಡಿ. ಬ್ರಾಡ್‌ವೇಯಿಂದ ಶುರುಮಾಡಿ. 52 ಮತ್ತು 53ನೇ ಬೀದಿಗಳ ನಡುವೆ 1678 ನಂಬರಿನಲ್ಲಿ ಹಳೆಯ ಬರ್ಡ್‌ಲ್ಯಾಂಡ್ ಕ್ಲಬ್ಬಿತ್ತು. ಈಗ 44ನೇ ಬೀದಿಯಲ್ಲಿರುವುದು ಅದೇ ಹೆಸರಿನ ಬೇರೆ ಜಾಗ. ಹಲವರು ಅಲ್ಲಿ ನಿಂತು ತಪ್ಪು ಫೋಟೊ ತೆಗೆದುಕೊಂಡು ಹೋಗುತ್ತಾರೆ. 1959ರ ಆಗಸ್ಟ್ 25ರ ರಾತ್ರಿ ಕಾರ್ಯಕ್ರಮದ ನಡುವೆ ಹೊರಗೆ ಬಂದು ನಿಂತಿದ್ದ ಮೈಲ್ಸ್‌ಗೆ ಪೊಲೀಸರು ಜಾಗ ಖಾಲಿ ಮಾಡೆಂದರು. ಅವನು ಒಳಗೆ ನುಡಿಸುತ್ತಿರುವವನು ತಾನೇ ಎಂದ. ತಲೆ ಒಡೆದರು, ಹಿಡಿದೊಯ್ದರು. ಆಮೇಲೆ ಮೊಕದ್ದಮೆ ಬಿದ್ದುಹೋಯಿತು. ಅವನ 'ಕೈಂಡ್ ಆಫ್ ಬ್ಲೂ' ಆಲ್ಬಮ್ ಅಂಗಡಿಗೆ ಬಂದು ಆಗ ಎಂಟು ದಿನವಾಗಿತ್ತು.

ಪೂರ್ವಕ್ಕೆ ನಡೆಯಿರಿ. ಆರನೇ ಮತ್ತು ಐದನೇ ಅವೆನ್ಯೂಗಳ ನಡುವಿನ ತುಂಡಿನಲ್ಲಿ 1940ರ ದಶಕದಲ್ಲಿ ಮನೆಗಳ ನೆಲಮಾಳಿಗೆಯೆಲ್ಲ ಕ್ಲಬ್ಬು: ಥ್ರೀ ಡ್ಯೂಸಸ್, ಓನಿಕ್ಸ್, ಫೇಮಸ್ ಡೋರ್. ಥ್ರೀ ಡ್ಯೂಸಸ್‌ನಲ್ಲಿ ಪಾರ್ಕರ್ ಪಕ್ಕದಲ್ಲಿ ಮೈಲ್ಸ್ ನಿಂತಿದ್ದ. ಈಗ ಎಲ್ಲವೂ ಕಚೇರಿ ಗೋಪುರಗಳು. ಬೀದಿಫಲಕದ ಸ್ವಿಂಗ್ ಸ್ಟ್ರೀಟ್ ಎಂಬ ಹೆಸರಷ್ಟೇ ಉಳಿದಿದೆ. ಮೂಲೆಯಲ್ಲಿ 51 ವೆಸ್ಟ್ 52ರಲ್ಲಿ ಕಪ್ಪು ಗ್ರಾನೈಟಿನ ಗೋಪುರ ಕಾಣುತ್ತದೆ. 1960ರ ದಶಕದಲ್ಲಿ ಸಿಬಿಎಸ್ ಕಂಪನಿ ಕಟ್ಟಿಸಿದ್ದು, ಮೈಲ್ಸ್‌ನ ರೆಕಾರ್ಡುಗಳನ್ನು ಮಾರುತ್ತಿದ್ದ ಕೊಲಂಬಿಯಾ ಆ ಕಂಪನಿಯದೇ. ಕ್ಲಬ್ಬುಗಳ ಸಾಲಿನಲ್ಲೇ ರೆಕಾರ್ಡ್ ಕಂಪನಿ ಎದ್ದು ನಿಂತದ್ದು ಆ ದಶಕಗಳ ಸಂಗೀತ ವ್ಯಾಪಾರದ ಚರಿತ್ರೆಯೂ ಹೌದು.

ಇನ್ನೂ ಪೂರ್ವಕ್ಕೆ ಐದನೇ ಅವೆನ್ಯೂ ದಾಟಿ, ಮ್ಯಾಡಿಸನ್ ದಾಟಿದರೆ 49 ಈಸ್ಟ್ 52. ಕೊಲಂಬಿಯಾದ ಸ್ಟುಡಿಯೊಗಳಿದ್ದ ವಿಳಾಸ. 1969ರ ಆಗಸ್ಟ್ 19ರಿಂದ 21ರವರೆಗೆ, ವುಡ್‌ಸ್ಟಾಕ್ ರಾಕ್ ಉತ್ಸವ ಮುಗಿದ ಮರುದಿನದಿಂದ, ಅವನ 'ಬಿಚಸ್ ಬ್ರೂ' ಆಲ್ಬಮ್ ಇಲ್ಲಿ ಧ್ವನಿಮುದ್ರಣವಾಯಿತು. ಒಂದಕ್ಕಿಂತ ಹೆಚ್ಚು ಡ್ರಮ್ಸ್, ಒಂದಕ್ಕಿಂತ ಹೆಚ್ಚು ಬೇಸ್, ಒಂದಕ್ಕಿಂತ ಹೆಚ್ಚು ಎಲೆಕ್ಟ್ರಿಕ್ ಪಿಯಾನೊ. ನಿರ್ಮಾಪಕ ಟಿಯೊ ಮಸೆರೊ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿ ರಚನೆಗಳನ್ನು ಕಟ್ಟಿದ. ಥ್ರೀ ಡ್ಯೂಸಸ್‌ನಿಂದ ಇಲ್ಲಿಗೆ ಹತ್ತು ಹನ್ನೆರಡು ನಿಮಿಷದ ನಡಿಗೆ. ಅದಕ್ಕೆ ಮೈಲ್ಸ್ ಇಪ್ಪತ್ತೈದು ವರ್ಷ ತೆಗೆದುಕೊಂಡ.

1972ರ ಜೂನ್ ಮತ್ತು ಜುಲೈಯಲ್ಲಿ 'ಆನ್ ದ ಕಾರ್ನರ್' ಆಲ್ಬಮ್ ತಯಾರಾದದ್ದೂ ಈ ಬೀದಿಯಲ್ಲೇ. ಅವನ ಫಂಕ್, ಅಂದರೆ ಕುಣಿಸುವ ತಾಳವೇ ಮುಖ್ಯವಾದ ಸಂಗೀತ, ಇಲ್ಲಿ ಪೂರ್ತಿ ಬಲಿತಿದೆ. ಬಿಬಾಪ್‌ನಲ್ಲಿ ಬೇಸ್ ಪ್ರತಿ ಮಾತ್ರೆಗೂ ಹೊಸ ಸ್ವರಕ್ಕೆ ನಡೆಯುತ್ತದೆ, ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಸರಸರ ಬದಲಾಗುತ್ತವೆ, ಟ್ರಂಪೆಟ್ ಆ ತಿರುವುಗಳನ್ನೆಲ್ಲ ಹಿಡಿದು ಉದ್ದುದ್ದ ಸಾಲು ನೇಯಬೇಕು. ಫಂಕ್‌ನಲ್ಲಿ ಬೇಸ್ ಒಂದೇ ತುಣುಕನ್ನು ಹತ್ತಿಪ್ಪತ್ತು ನಿಮಿಷ ಬಿಡದೆ ಹೇಳುತ್ತದೆ. ನಮ್ಮ ಕಛೇರಿಯಲ್ಲಿ ತಂಬೂರಿ ಹಿಡಿದಿಡುವಂತೆ ಅದು ಆಧಾರವನ್ನು ಹಿಡಿದಿಡುತ್ತದೆ, ಜೊತೆಗೆ ತಾಳವನ್ನೂ. ಒತ್ತು ಆವರ್ತದ ಮೊದಲ ಪೆಟ್ಟಿನ ಮೇಲೆ. ಸ್ಟೀವಿ ವಂಡರ್ ಬಳಗದಿಂದ ಬಂದ ಮೈಕೇಲ್ ಹೆಂಡರ್ಸನ್‌ನ ಬೇಸ್ ಕೇಳಿ, ಗೊತ್ತಾಗುತ್ತದೆ. ಇಂಥ ನೆಲದ ಮೇಲೆ ಟ್ರಂಪೆಟ್ ಉದ್ದ ಸಾಲು ನೇಯ್ದರೆ ಅದು ಎಲ್ಲಿಗೂ ತಲುಪದು, ಯಾಕೆಂದರೆ ತಿರುಗಲು ತಿರುವೇ ಇಲ್ಲ. ಜಾಝ್‌ನಿಂದ ಫಂಕ್‌ಗೆ ಬರುವ ಟ್ರಂಪೆಟ್‌ನವರು ಎಡವುವುದು ಇಲ್ಲೇ: ಕಲಿತ ಸ್ವರಗಳನ್ನೆಲ್ಲ ಸುರಿಯುತ್ತಾರೆ. ಇಲ್ಲಿ ಬೇಕಾದ್ದು ಎರಡು ಮೂರು ಸ್ವರದ ಚುಚ್ಚು, ಮೌನ, ಮತ್ತೆ ಚುಚ್ಚು. ಟ್ರಂಪೆಟ್ ಡ್ರಮ್ಸ್ ಮನೆತನಕ್ಕೆ ಸೇರಬೇಕು. ಮೌನ ಬಿಡುವುದು ಮೈಲ್ಸ್‌ಗೆ ಮೊದಲಿಂದಲೂ ಗೊತ್ತಿದ್ದ ವಿದ್ಯೆ. ಆದ್ದರಿಂದಲೇ ಅವನು ದಾಟಿದ.

ಆ ಧ್ವನಿಮುದ್ರಣದಲ್ಲಿ ತಬಲಾ ಮತ್ತು ಸಿತಾರ್ ಕೂಡ ಇವೆ. ತಬಲಾದ ಬಾದಲ್ ರಾಯ್ ಇಂದಿನ ಬಾಂಗ್ಲಾದೇಶದ ಕೊಮಿಲ್ಲಾದವನು. ನ್ಯೂಯಾರ್ಕ್‌ನ ಭಾರತೀಯ ಹೋಟೆಲಿನಲ್ಲಿ ದುಡಿಯುತ್ತ ನುಡಿಸುತ್ತಿದ್ದವನನ್ನು ಗಿಟಾರಿನ ಜಾನ್ ಮೆಕ್ಲಾಫ್ಲಿನ್ ಗುರುತಿಸಿದ್ದ. ನಮ್ಮಲ್ಲಿ ಮೆಕ್ಲಾಫ್ಲಿನ್ ಹೆಸರು ಹೇಳಿದರೆ 'ಶಕ್ತಿ' ತಂಡ ನೆನಪಾಗುತ್ತದೆ. ಅದಕ್ಕೂ ಮೊದಲು ಅವನು ಈ ಸ್ಟುಡಿಯೊದಲ್ಲಿ ಮೈಲ್ಸ್ ಜೊತೆ ಕೂತಿದ್ದ. ಇಲ್ಲಿ ತಬಲಾ ಸಾಥಿಯಲ್ಲ, ಅಲಂಕಾರವೂ ಅಲ್ಲ. ಡ್ರಮ್ಸ್, ಕಾಂಗಾಗಳ ಜೊತೆ ತಾಳದ ಒಂದು ಪದರ. ಹಿಂದೂಸ್ತಾನಿ ಕಿವಿಯಿಂದ ಕಾಯ್ದಾ, ತಿಹಾಯಿ ಹುಡುಕುತ್ತ ಕೇಳಿದರೆ ನಿರಾಸೆ ಖಚಿತ.

ರೆಕಾರ್ಡು ಬಂದಾಗ ಜಾಝ್ ವಿಮರ್ಶಕರು ಹರಿದು ಹಾಕಿದರು. ಹೊದಿಕೆಯ ಮೇಲೆ ವಾದಕರ ಹೆಸರುಗಳನ್ನೇ ಮುದ್ರಿಸಿರಲಿಲ್ಲವಾದ್ದರಿಂದ ಯಾರು ಏನು ನುಡಿಸಿದರೆಂದೂ ತಿಳಿಯುವಂತಿರಲಿಲ್ಲ.

ಐದನೆಯ ದಿನ: ಇಲ್ಲದ ಚರ್ಚು, ಬ್ಯಾಂಕಾದ ರಂಗಮಂದಿರ

6 ನಂಬರ್ ರೈಲಿನಲ್ಲಿ 28ನೇ ಬೀದಿಗೆ ಇಳಿದು 207 ಈಸ್ಟ್ 30ಕ್ಕೆ ನಡೆದರೆ ಸಿಗುವುದು ಒಂದು ವಸತಿ ಕಟ್ಟಡ. ಕೊಲಂಬಿಯಾ ಹಳೆಯ ಚರ್ಚೊಂದನ್ನು ಸ್ಟುಡಿಯೊ ಮಾಡಿಕೊಂಡಿದ್ದು ಇಲ್ಲಿ. ಎತ್ತರದ ಚಾವಣಿ, ಮರದ ನೆಲ. 1981ರಲ್ಲಿ ಮುಚ್ಚಿತು, ಆಮೇಲೆ ಕೆಡವಿದರು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ 'ಕೈಂಡ್ ಆಫ್ ಬ್ಲೂ' ಮುಗಿದದ್ದು ಆ ಚಾವಣಿಯ ಕೆಳಗೆ.

ಜೊತೆಗೆ ನುಡಿಸಿ ಕಲಿಯುವವರಿಗೆ ಇಲ್ಲೊಂದು ಎಚ್ಚರಿಕೆ. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನವಾಗಿ ಓಡುತ್ತಿತ್ತು. ಸರಿಯಾದ ವೇಗದ ಯಂತ್ರದಲ್ಲಿ ಅದೇ ಟೇಪ್ ಹಾಕಿದಾಗ ಶ್ರುತಿ ಮೇಲೇರಿತು, ಎಲ್‌ಪಿಯ ಮೊದಲ ಬದಿಯ ಮೂರು ರಚನೆಗಳು ಹಾಗೆಯೇ ಮೂರು ದಶಕ ಮಾರಾಟವಾದವು. 1990ರ ದಶಕದ ಮರುಮುದ್ರಣಗಳಲ್ಲಿ ಸರಿಪಡಿಸಿದ್ದಾರೆ. ಹಳೆಯ ಪ್ರತಿ ಹಾಕಿಕೊಂಡು ಟ್ಯೂನಿಂಗ್ ಸ್ಲೈಡ್ (ಶ್ರುತಿ ಹೊಂದಿಸುವ ಜಾರುಕೊಳವೆ) ಎಷ್ಟು ಒಳಗೆ ತಳ್ಳಿದರೂ ಹೊಂದದಿದ್ದರೆ ತಪ್ಪು ವಾದ್ಯದ್ದಲ್ಲ. ಇನ್ನೊಂದು: ಟ್ರಂಪೆಟ್ ಬಿ ಫ್ಲ್ಯಾಟ್ ವಾದ್ಯ, ಬರೆದ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ನುಡಿಯುತ್ತದೆ. ಮೊದಲ ರಚನೆ ಪಿಯಾನೊದ ಡಿ ಮೇಲಿದೆ, ಟ್ರಂಪೆಟ್‌ನವರು ಅದನ್ನು ಇ ಎಂದು ಬೆರಳಿಡಬೇಕು.

ಹಾರ್ಮನ್ ಮ್ಯೂಟ್, ಅಂದರೆ ಟ್ರಂಪೆಟ್‌ನ ಅಗಲ ಬಾಯಿಗೆ (ಬೆಲ್) ಸಿಕ್ಕಿಸಿ ನಾದ ಬದಲಿಸುವ ಸಾಧನ, ಅದರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮೈಲ್ಸ್ ಎಂದಾಕ್ಷಣ ಎಲ್ಲರಿಗೂ ನೆನಪಾಗುವ ಆ ತೆಳ್ಳನೆಯ, ಕಿವಿಯ ಬಳಿ ಬಂದು ಮಾತಾಡಿದಂಥ ನಾದ ಅದರದು. ಅಲ್ಯೂಮಿನಿಯಂ ಗಡಿಗೆ, ನಡುವೆ ಜಾರುವ ಕೊಳವೆ. ಮೈಲ್ಸ್ ಆ ನಡುಗೊಳವೆಯನ್ನು ತೆಗೆದುಹಾಕಿ ಬಳಸುತ್ತಿದ್ದ. ಬೇರೆ ಮ್ಯೂಟ್‌ಗಳಲ್ಲಿ ಬಿರಡೆ ಮೂರು ತುಂಡಾಗಿರುತ್ತದೆ, ಸಂದಿಯಲ್ಲಿ ಗಾಳಿ ಹೋಗುತ್ತದೆ. ಇದರಲ್ಲಿ ಸುತ್ತಲೂ ಮುಚ್ಚಿದ ಬಿರಡೆ, ಗಾಳಿಯೆಲ್ಲ ಗಡಿಗೆಯೊಳಗಿಂದಲೇ ಹೋಗಬೇಕು. ಹಾಗಾಗಿ ಊದುವಾಗ ತಡೆ ಹೆಚ್ಚು, ಶ್ರುತಿ ಮೇಲೇರುತ್ತದೆ. ಮ್ಯೂಟ್ ಹಾಕಿದ ಕೂಡಲೇ ಟ್ಯೂನಿಂಗ್ ಸ್ಲೈಡನ್ನು ಒಂದಿಷ್ಟು ಹೊರಗೆಳೆಯಬೇಕು, ತೆಗೆದ ಮೇಲೆ ಮರೆಯದೆ ಒಳಗೆ ತಳ್ಳಬೇಕು. ಹಾಕುವ ಮುಂಚೆ ಬೆಲ್ ಒಳಗೆ ಬಾಯಿಂದ ಬಿಸಿ ಉಸಿರು ಬಿಟ್ಟು ತೇವ ಮಾಡಿ, ಮ್ಯೂಟನ್ನು ತುಸು ತಿರುಗಿಸಿ ಕೂರಿಸಿ. ಒಣ ಬಿರಡೆ ಹಿಡಿಯುವುದಿಲ್ಲ. ನಡುರಾಗದಲ್ಲಿ ಠಣ್ ಎಂದು ನೆಲಕ್ಕೆ ಬಿದ್ದು ನೆಗ್ಗುತ್ತದೆ, ನೆಗ್ಗಿದ ಹಾರ್ಮನ್ ಕೆಳಸ್ವರಗಳಲ್ಲಿ ಝರಝರ ಎನ್ನುತ್ತದೆ. ಮೈಕ್ ಎರಡು ಮೂರು ಬೆರಳು ದೂರದಲ್ಲಿರಬೇಕು. ಅರ್ಧ ಅಡಿ ಹಿಂದೆ ಸರಿದರೂ ಡ್ರಮ್ಸ್ ನುಂಗಿಹಾಕುತ್ತದೆ.

ಮಧ್ಯಾಹ್ನ ಅಲ್ಲಿಂದ ಆಸ್ಟರ್ ಪ್ಲೇಸ್. 105 ಸೆಕೆಂಡ್ ಅವೆನ್ಯೂದಲ್ಲಿ 1968ರಿಂದ 1971ರವರೆಗೆ ಫಿಲ್‌ಮೋರ್ ಈಸ್ಟ್ ಎಂಬ ರಾಕ್ ರಂಗಮಂದಿರ ನಡೆಯಿತು; ಮುಂಭಾಗ ಆಮೇಲೆ ಬ್ಯಾಂಕಾಯಿತು. 1970ರ ಮಾರ್ಚ್‌ನಲ್ಲಿ ನೀಲ್ ಯಂಗ್ ಇದ್ದ ಕಾರ್ಯಕ್ರಮದಲ್ಲಿ ಮೈಲ್ಸ್ ಇಲ್ಲಿ ನುಡಿಸಿದ, ಜೂನ್‌ನಲ್ಲಿ ಮತ್ತೆ ಬಂದ. ಅಷ್ಟು ಹೆಸರಾದವನು ರಾಕ್ ಹುಡುಗರ ಕಾರ್ಯಕ್ರಮ ಹಂಚಿಕೊಳ್ಳುವುದು ಸಣ್ಣ ಮಾತಲ್ಲ.

ಆ ವರ್ಷದ ಕೊನೆಗೆ ಅವನ ಕಾಲ ಕೆಳಗೆ ವಾ-ವಾ ಪೆಡಲ್ ಬಂತು. ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ಸೆಲ್ಲರ್ ಡೋರ್ ಕ್ಲಬ್ಬಿನ ಮುದ್ರಣಗಳಲ್ಲಿ ಅದು ಸ್ಪಷ್ಟ. ಪೆಡಲ್‌ನ ಕೆಲಸ ಸರಳ: ಒಂದು ಕಿರಿದಾದ ಆವರ್ತನ ಪಟ್ಟಿಯನ್ನು ಎತ್ತಿಹಿಡಿದು, ಪಾದ ಒತ್ತಿದಂತೆ ಅದನ್ನು ಮೇಲೆ ಕೆಳಗೆ ಸರಿಸುತ್ತದೆ. ಮನುಷ್ಯ ಬಾಯಿಯ ಆಕಾರ ಬದಲಿಸಿ 'ಊ'ದಿಂದ 'ಆ'ಗೆ ಹೋಗುವುದೂ ಇದೇ ಬಗೆ. ಟ್ರಂಪೆಟ್‌ಗೆ ಹೊಂದಿಸಲು ಮೌತ್‌ಪೀಸ್‌ನ ಕಾಂಡದಲ್ಲಿ ತೂತು ಕೊರೆದು, ಸದ್ದನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಪಿಕಪ್ ಕೂರಿಸುತ್ತಾರೆ, ಅಲ್ಲಿಂದ ತಂತಿ ಪೆಡಲಿಗೆ, ಪೆಡಲಿನಿಂದ ಆಂಪ್ಲಿಫೈಯರಿಗೆ. ಮಾಮೂಲಿ ಮೈಕ್ ಹಾಕಿದರೆ ಅಷ್ಟು ಜೋರಿನ ವೇದಿಕೆಯಲ್ಲಿ ಕೂಗು ಹಿಡಿಯುತ್ತದೆ. ಪಿಕಪ್‌ಗೂ ತೊಂದರೆಯಿದೆ, ಉಸಿರಿನ ತೇವ ಒಳಗೆ ಸೇರಿ ಸದ್ದು ಮಂಕಾಗುತ್ತದೆ. ಪ್ರತಿ ಸಲ ಬಿಚ್ಚಿ ಒರೆಸಬೇಕು. ಪಾದವನ್ನು ಮಾತ್ರೆಗೊಮ್ಮೆ ಯಂತ್ರದಂತೆ ಒತ್ತಿದರೆ ಐದು ನಿಮಿಷದಲ್ಲಿ ಬೇಸರ ಬರುತ್ತದೆ. ಪಾದ ಉಸಿರನ್ನು ಹಿಂಬಾಲಿಸಬೇಕು. 1972ರ ಅಕ್ಟೋಬರ್‌ನಲ್ಲಿ ಮೈಲ್ಸ್ ತನ್ನ ಲ್ಯಾಂಬೊರ್ಗಿನಿಯನ್ನು ಗುದ್ದಿ ಎರಡೂ ಕಣಕಾಲು ಮುರಿದುಕೊಂಡ. ಪಾದವೇ ಅರ್ಧ ವಾದ್ಯವಾಗಿದ್ದ ಹೊತ್ತು ಅದು.

ಸಂಜೆ ವಿಲೇಜ್ ವ್ಯಾನ್‌ಗಾರ್ಡ್. 1935ರಿಂದ ನಡೆಯುತ್ತಿರುವ ತ್ರಿಕೋನಾಕಾರದ ನೆಲಮಾಳಿಗೆ, ಎಂಟಕ್ಕೊಂದು ಹತ್ತಕ್ಕೊಂದು ಕಛೇರಿ. ಟಿಕೆಟ್ ಮೊದಲೇ ಕೊಳ್ಳಿ, ಒಂದು ಪಾನೀಯ ಕಡ್ಡಾಯ, ಫೋನು ಜೇಬಿನಲ್ಲಿರಲಿ. ಸೋಮವಾರವಾದರೆ ಬಿಗ್ ಬ್ಯಾಂಡ್ ಇರುತ್ತದೆ: ಟ್ರಂಪೆಟ್ ಸಾಲು ಎದುರಿಗೇ. ಇಡೀ ದಿನ ಪೆಡಲ್, ಪಿಕಪ್ ಎಂದು ಓಡಾಡಿದ ಮೇಲೆ ಹಿತ್ತಾಳೆಯ ನಿಜವಾದ ಜೋರು ಎಷ್ಟೆಂದು ಕಿವಿಗೆ ನೆನಪಾಗುವುದು ಅಗತ್ಯ.

ಆರನೆಯ ದಿನ: 77ನೇ ಬೀದಿ

1 ನಂಬರ್ ರೈಲು, 79ನೇ ಬೀದಿ ನಿಲ್ದಾಣ. ವೆಸ್ಟ್ ಎಂಡ್ ಅವೆನ್ಯೂ ಮತ್ತು ರಿವರ್‌ಸೈಡ್ ಡ್ರೈವ್ ನಡುವಿನ 77ನೇ ಬೀದಿಯ ತುಂಡಿಗೆ 2014ರಿಂದ ಮೈಲ್ಸ್ ಡೇವಿಸ್ ವೇ ಎಂಬ ಫಲಕವಿದೆ. 312 ನಂಬರಿನ ಮನೆ ಅವನದಾಗಿತ್ತು. ಈಗ ಖಾಸಗಿ ವಾಸದ ಮನೆ, ಎದುರು ಬದಿಯ ಕಾಲುದಾರಿಯಿಂದ ನೋಡಿ ಬರಬೇಕು. 1975ರಿಂದ ಸುಮಾರು ಐದು ವರ್ಷ ಇದರೊಳಗೆ ಅವನು ಟ್ರಂಪೆಟ್ ಮುಟ್ಟಿದ್ದೇ ಅಪರೂಪ. ಸೊಂಟದ ನೋವು, ಹುಣ್ಣು, ಕೊಕೇನ್.

ಟ್ರಂಪೆಟ್ ಬಿಟ್ಟವರಿಗೆ ಬೆರಳು ಮರೆಯುವುದಿಲ್ಲ, ತುಟಿ ಮರೆಯುತ್ತದೆ. ತುಟಿಯ ಸುತ್ತಲಿನ ಸ್ನಾಯು ಕೆಲವೇ ವಾರದಲ್ಲಿ ಸಡಿಲವಾಗುತ್ತದೆ. ಮೊದಲು ಹೋಗುವುದು ಮೇಲಿನ ಸ್ವರ, ಆಮೇಲೆ ದಮ್ಮು. ಮರಳುವಾಗ ಮೌತ್‌ಪೀಸನ್ನು ತುಟಿಗೆ ಒತ್ತಿ ಎತ್ತರ ಗಿಟ್ಟಿಸುವ ಆಸೆ ಬರುತ್ತದೆ; ಅದರಿಂದ ತುಟಿ ಊದಿಕೊಳ್ಳುತ್ತದೆಯೇ ಹೊರತು ಬಲ ಬರುವುದಿಲ್ಲ. ಮೆಲುದನಿಯ ಉದ್ದ ಸ್ವರ, ಊದಿದಷ್ಟೇ ಹೊತ್ತು ವಿಶ್ರಾಂತಿ, ಹೀಗೆ ತಿಂಗಳುಗಟ್ಟಲೆ. ಮೈಲ್ಸ್ 1981ರ ಜುಲೈ 5ರಂದು ಲಿಂಕನ್ ಸೆಂಟರಿನ ಏವರಿ ಫಿಶರ್ ಹಾಲ್‌ನಲ್ಲಿ ನ್ಯೂಯಾರ್ಕ್ ಮುಂದೆ ಮತ್ತೆ ನಿಂತ. ಆ ವರ್ಷದ ಮುದ್ರಣಗಳಲ್ಲಿ ತುಟಿ ಇನ್ನೂ ಬಂದಿಲ್ಲ ಎಂಬುದು ಸ್ಪಷ್ಟವಾಗಿ ಕೇಳುತ್ತದೆ. ಎರಡು ಮೂರು ವರ್ಷ ಕಳೆದ ಮೇಲಿನವು ಬೇರೆಯೇ. ಹಾಲ್ ಈಗ ಡೇವಿಡ್ ಗೆಫನ್ ಹಾಲ್, ಒಳಗನ್ನು ಪೂರ್ತಿ ಹೊಸದಾಗಿ ಕಟ್ಟಿದ್ದಾರೆ.

ಏಳನೆಯ ದಿನ: ವುಡ್‌ಲಾನ್

4 ನಂಬರ್ ರೈಲಿನ ಕೊನೆಯ ನಿಲ್ದಾಣ, ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನ. 400 ಎಕರೆಯ ಜಾಗ, ನಕಾಶೆಯಿಲ್ಲದೆ ಅಲೆಯಬೇಡಿ. ಗೇಟಿನಲ್ಲಿ ಜಾಝ್ ಕಾರ್ನರ್ ಎಂದು ಕೇಳಿದರೆ ಗುರುತು ಹಾಕಿ ಕೊಡುತ್ತಾರೆ. ಫೋಟೊ ತೆಗೆಯುವ ಬಗ್ಗೆಯೂ ಅಲ್ಲೇ ವಿಚಾರಿಸಿಕೊಳ್ಳಿ. ಡ್ಯೂಕ್ ಎಲಿಂಗ್ಟನ್, ಲಯನೆಲ್ ಹ್ಯಾಂಪ್ಟನ್, ಮ್ಯಾಕ್ಸ್ ರೋಚ್, ಆರ್ನೆಟ್ ಕೋಲ್ಮನ್ ಎಲ್ಲರೂ ಇದೇ ಸ್ಮಶಾನದಲ್ಲಿದ್ದಾರೆ.

ಮೈಲ್ಸ್ ತೀರಿಕೊಂಡದ್ದು 1991ರ ಸೆಪ್ಟೆಂಬರ್ 28ರಂದು, ಕ್ಯಾಲಿಫೋರ್ನಿಯಾದಲ್ಲಿ. ಕಪ್ಪು ಕಲ್ಲಿನ ಮೇಲೆ ಸರ್ ಮೈಲ್ಸ್ ಡೇವಿಸ್ ಎಂದು ಬರೆದಿದೆ, ಟ್ರಂಪೆಟ್ ಕೆತ್ತಿದೆ, ಜೊತೆಗೆ 'ಸೋಲಾರ್' ಎಂಬ ರಚನೆಯ ಸ್ವರಲಿಪಿ. ಆ ರಚನೆ 1954ರಿಂದ ಅವನ ಹೆಸರಿನಲ್ಲೇ ಓಡಾಡುತ್ತಿದೆ. ಆದರೆ ಗಿಟಾರಿನ ಚಕ್ ವೇಯ್ನ್ ಅದೇ ಧಾಟಿಯನ್ನು 'ಸನ್ನಿ' ಎಂಬ ಹೆಸರಿನಲ್ಲಿ 1946ರಲ್ಲೇ ನುಡಿಸಿದ್ದ ಮುದ್ರಣ ಆಮೇಲೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದೆ. ಕಲ್ಲಿನ ಮೇಲಿರುವುದು ಬಹುಪಾಲು ಬೇರೊಬ್ಬನ ಧಾಟಿ. ವಾದ್ಯ ಕಲಿಯುವವರು ಸ್ವರಲಿಪಿಯನ್ನು ಅಲ್ಲೇ ಬರೆದುಕೊಳ್ಳಬಹುದು. ಗೇಟು ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ, ಎರಡು ಗಂಟೆಯೊಳಗೆ ಒಳಗಿರುವಂತೆ ಹೊರಡಿ.